ಒಂದು ಮನೆ, ಒಂದು ಮಗು, ಎರಡು ಲೆಕ್ಕ

ಮನೆ ಮನೆಗೆ ಹೋಗಿ ಊಟದ ಲೆಕ್ಕ ಕೇಳಿ, ಚಿಕ್ಕ ಮಕ್ಕಳ ಪೌಷ್ಟಿಕತೆ ಅಳೆಯುವ ತಂಡ ನಮ್ಮದು. ಬೆಳಿಗ್ಗೆ ನಮ್ಮ ತೂಕದ ಯಂತ್ರ ಏರುವುದು ಮೊದಲು ಮಗುವಲ್ಲ, 5 ಕಿಲೋದ ಬಟ್ಟು. ಯಂತ್ರ ತೋರಿಸುವುದಕ್ಕೂ ಬಟ್ಟಿನ ತೂಕಕ್ಕೂ 100 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬ್ಯಾಟರಿ ಬದಲಿಸಿ ಮತ್ತೆ ನೋಡುತ್ತೇವೆ. ಆಗಲೂ ಸರಿಬರದಿದ್ದರೆ ಆ ಯಂತ್ರಕ್ಕೆ ಅವತ್ತು ರಜೆ. ಮಗುವಿನ ಉದ್ದ ಅಳೆಯುವ ಹಲಗೆಗೂ ಇಂಥದೇ ಪರೀಕ್ಷೆ ಇದೆ: ಉದ್ದ ಗೊತ್ತಿರುವ ಕೋಲೊಂದನ್ನು ಹಲಗೆಯ ಮೇಲಿಟ್ಟು ಜಾರುಪಟ್ಟಿ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಮರ ತೇವಕ್ಕೆ ಉಬ್ಬುತ್ತದೆ, ಹೊತ್ತು ತಿರುಗಿ ತಿರುಗಿ ಜಾರುಪಟ್ಟಿ ಸಡಿಲವಾಗುತ್ತದೆ. ತೋಳಿನ ಸುತ್ತಳತೆ ನೋಡುವ ಪಟ್ಟಿಯೂ ಎಳೆದೆಳೆದು ಮಡಿಕೆ ಬಿದ್ದರೆ ಬಿಸಾಡುವ ವಸ್ತುವೇ. ಇಷ್ಟು ಮುಗಿಸಿ ಹೊರಟರೆ ಒಂದು ಮನೆಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಇಪ್ಪತ್ತು ನಿಮಿಷಕ್ಕೆ ಮುಗಿಸಿ ಬಂದವರ ಹಾಳೆಯನ್ನು ನಾವು ಸಂಜೆ ಎರಡು ಸಲ ನೋಡುತ್ತೇವೆ.

ಪ್ರತಿ ಮನೆಯಲ್ಲೂ ಬರೆದುಕೊಳ್ಳುವುದು ಎರಡು ಲೆಕ್ಕ. ಮನೆಗೆ ಊಟ ಸಾಕಾಗುತ್ತಿದೆಯೇ ಎಂಬುದು ಒಂದು, ಮಗುವಿನ ಮೈಗೆ ಅದು ಹತ್ತುತ್ತಿದೆಯೇ ಎಂಬುದು ಇನ್ನೊಂದು. ಎರಡೂ ಒಂದೇ ಮಾತು ಹೇಳಬೇಕು ಎಂದು ಹೊಸದಾಗಿ ಬಂದವರು ಎಣಿಸಿರುತ್ತಾರೆ. ಎಷ್ಟೋ ಮನೆಗಳಲ್ಲಿ ಹೇಳುವುದಿಲ್ಲ. ಹೇಳದಿದ್ದಾಗ ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸುವ ಚಪಲ ಹುಟ್ಟುತ್ತದೆ. ಅದೇ ದೊಡ್ಡ ತಪ್ಪು, ಏಕೆಂದರೆ ಎರಡೂ ಹೊಂದದ ಮನೆಯಲ್ಲೇ ನೋಡಬೇಕಾದದ್ದು ಹೆಚ್ಚಿರುತ್ತದೆ.

ಮೊದಲು ಮಾತು, ಆಮೇಲೆ ಅಳತೆ. ತಿರುಗುಮುರುಗಾದರೆ ಅಳುವ ಮಗುವನ್ನು ಸಮಾಧಾನ ಮಾಡುತ್ತಲೇ ತಾಯಿ ಉತ್ತರ ಕೊಡಬೇಕಾಗುತ್ತದೆ, ಅಂಥ ಉತ್ತರ ಅರ್ಧ ಗಮನದ್ದು. ಜೊತೆಗೆ, ಅರ್ಧ ಗಂಟೆ ನಮ್ಮನ್ನು ನೋಡಿದ ಮಗು ಹಲಗೆಯ ಮೇಲೆ ಸ್ವಲ್ಪ ಕಡಿಮೆ ಒದೆಯುತ್ತದೆ.

ಮನೆಯ ಲೆಕ್ಕಕ್ಕೆ ನಾವು ಬಳಸುವುದು ಒಂಬತ್ತು ಪ್ರಶ್ನೆಗಳ ಪಟ್ಟಿ. ಕಳೆದ ನಾಲ್ಕು ವಾರಗಳಲ್ಲಿ ಊಟ ಸಾಲದೆಂಬ ಚಿಂತೆ ಇತ್ತೇ ಎಂದು ಶುರುವಾಗಿ, ಇಷ್ಟದ ಆಹಾರ ಸಿಗಲಿಲ್ಲವೇ, ದಿನವೂ ಅದೇ ಅದೇ ತಿನ್ನಬೇಕಾಯಿತೇ, ಬೇಡವಾದದ್ದನ್ನು ತಿನ್ನಬೇಕಾಯಿತೇ, ಬಡಿಸಿಕೊಂಡದ್ದು ಕಡಿಮೆಯಾಯಿತೇ, ಊಟದ ಹೊತ್ತುಗಳು ಕಡಿಮೆಯಾದವೇ ಎಂದು ಇಳಿಯುತ್ತಾ, ಮನೆಯಲ್ಲಿ ತಿನ್ನಲು ಏನೂ ಇರಲಿಲ್ಲವೇ, ಹಸಿದೇ ಮಲಗಿದಿರೇ, ಹಗಲು ರಾತ್ರಿ ಪೂರ್ತಿ ಉಪವಾಸವಿದ್ದಿರೇ ಎಂಬಲ್ಲಿಗೆ ಮುಟ್ಟುತ್ತದೆ. ಹೌದೆಂದ ಪ್ರತಿ ಪ್ರಶ್ನೆಗೂ ಎಷ್ಟು ಸಲ ಎಂದು ಕೇಳಬೇಕು: ಒಂದೆರಡು ಸಲವಾದರೆ 1, ಮೂರರಿಂದ ಹತ್ತು ಸಲವಾದರೆ 2, ಅದಕ್ಕೂ ಹೆಚ್ಚಾದರೆ 3. ಒಟ್ಟು 0ಯಿಂದ 27; ಇದೇ ಮನೆಯ ಅಂಕ, ಹೆಚ್ಚಿದಷ್ಟೂ ಕೊರತೆ ಹೆಚ್ಚು.

ಓದಲು ಸುಲಭ, ಕೇಳಲು ಕಷ್ಟ. ಹೆಚ್ಚಿನ ಪ್ರಶ್ನೆಗಳೊಳಗೆ ‘ಕೊಳ್ಳಲು ಅಥವಾ ಪಡೆಯಲು ದಾರಿಯಿಲ್ಲದೆ’ ಎಂಬಂಥ ಮಾತಿದೆ. ಅದನ್ನು ನುಂಗಿಬಿಟ್ಟರೆ ವ್ರತಕ್ಕೆಂದು ಉಪವಾಸವಿದ್ದವರೂ ಜ್ವರ ಬಂದು ಊಟ ಬಿಟ್ಟವರೂ ಹಸಿದವರ ಪಟ್ಟಿಗೆ ಸೇರುತ್ತಾರೆ. ಮೂರನೆಯ ಮನೆಯ ಹೊತ್ತಿಗೆ ಕೇಳುವವರ ಬಾಯಿ ತಾನಾಗಿ ಆ ಮಾತನ್ನು ಬಿಡತೊಡಗುತ್ತದೆ, ಆದ್ದರಿಂದ ನಾವು ಹಾಳೆಯಲ್ಲಿ ಅದರ ಕೆಳಗೆ ಗೆರೆ ಎಳೆದಿರುತ್ತೇವೆ. ಇನ್ನೊಂದು, ‘ನಾಲ್ಕು ವಾರ’ ಎಂದರೆ ಯಾರಿಗೂ ಕಣ್ಣಿಗೆ ಕಟ್ಟುವುದಿಲ್ಲ. ಹೋದ ಹುಣ್ಣಿಮೆಯಿಂದ ಈಚೆಗೆ, ಹಿಂದಿನ ಸಲ ಕೂಲಿ ಸಿಕ್ಕ ದಿನದಿಂದ ಈಚೆಗೆ ಎಂದು ಗುರುತು ಹಾಕಿಕೊಟ್ಟರೆ ನೆನಪು ನಿಲ್ಲುತ್ತದೆ.

ಉತ್ತರಗಳು ಎರಡು ಕಡೆಗೆ ಜಾರುತ್ತವೆ. ನೆರವು ಬರಬಹುದೆಂಬ ಆಸೆಯಿದ್ದರೆ ಎಲ್ಲಕ್ಕೂ ಹೌದು, ಪಕ್ಕದ ಮನೆಯವರು ಬಾಗಿಲಲ್ಲಿ ನಿಂತಿದ್ದರೆ ಎಲ್ಲಕ್ಕೂ ಇಲ್ಲ. ಪಟ್ಟಿ ಮೇಲಿನಿಂದ ಕೆಳಕ್ಕೆ ಬಿಗಿಯಾಗುತ್ತಾ ಹೋಗುವುದರಿಂದ ಉತ್ತರಗಳೂ ಹಾಗೇ ಹೋಗಬೇಕು. ಹಸಿದು ಮಲಗಿದ್ದು ಹೌದು, ಚಿಂತೆ ಮಾತ್ರ ಇರಲಿಲ್ಲ ಎಂದು ಬಂದರೆ ಒಂದೋ ಪ್ರಶ್ನೆ ಅರ್ಥವಾಗಿಲ್ಲ, ಇಲ್ಲವೇ ಚಿಂತೆ ಎಂಬ ಪದವೇ ಆ ಮನೆಯಲ್ಲಿ ಬೇರೆಯದಕ್ಕೆ ಮೀಸಲು. ಬೇರೆ ಮಾತಿನಲ್ಲಿ ಮತ್ತೆ ಕೇಳಬೇಕು. ‘ಈಗ ತಾನೇ ಹಾಗಂದಿರಲ್ಲ’ ಎಂದು ತಪ್ಪು ಹಿಡಿಯಲು ಹೋದರೆ ಮುಂದಿನ ಮಾತೆಲ್ಲ ಮುಚ್ಚಿಹೋಗುತ್ತದೆ.

ಇದರ ಬೆನ್ನಿಗೇ ಇನ್ನೊಂದು ಚಿಕ್ಕ ಪಟ್ಟಿ. ಕಳೆದ ಏಳು ದಿನಗಳಲ್ಲಿ ಊಟ ಸಾಲದಾದಾಗ ಏನು ಮಾಡಿದಿರಿ? ಐದು ದಾರಿಗಳಿಗೆ ಐದು ತೂಕ ಇಟ್ಟಿದ್ದಾರೆ: ಅಗ್ಗದ್ದನ್ನು ತಿಂದದ್ದಕ್ಕೆ 1, ಸಾಲ ತಂದದ್ದಕ್ಕೆ ಅಥವಾ ನೆಂಟರನ್ನು ಕೇಳಿದ್ದಕ್ಕೆ 2, ಬಡಿಸುವುದನ್ನು ಕಡಿಮೆ ಮಾಡಿದ್ದಕ್ಕೆ 1, ಹೊತ್ತು ಬಿಟ್ಟದ್ದಕ್ಕೆ 1, ಮಕ್ಕಳಿಗೆ ಸಿಗಲೆಂದು ದೊಡ್ಡವರು ಕಡಿಮೆ ತಿಂದದ್ದಕ್ಕೆ 3. ದಿನಗಳನ್ನು ಈ ತೂಕದಿಂದ ಗುಣಿಸಿ ಕೂಡಿದರೆ ಹೆಚ್ಚೆಂದರೆ 56. ನಮಗೆ ಮೊತ್ತಕ್ಕಿಂತ ಆ 3ರ ಸಾಲೇ ಮುಖ್ಯ. ಮೊದಲ ಪಟ್ಟಿಯಲ್ಲಿ ಹದಿನೈದು ಅಂಕ ಬಂದ ಮನೆಯಲ್ಲಿ ಮಗು ದುಂಡಗಿದ್ದರೆ ಕಾರಣ ಬಹುಪಾಲು ಈ ಸಾಲಿನಲ್ಲೇ ಸಿಗುತ್ತದೆ: ತಾಯಿ ತನ್ನ ಪಾಲು ಬಿಟ್ಟಿರುತ್ತಾಳೆ. ಆ ಮಗು ಇವತ್ತಿಗೆ ಕ್ಷೇಮ. ತಾಯಿ ಮತ್ತೆ ಬಸುರಿಯಾಗಿದ್ದರೆ ಮಾತ್ರ ಮುಂದಿನ ಮಗುವಿನ ತೂಕ ಈಗಲೇ ಇಳಿಯುತ್ತಿದೆ.

ಮೂರನೆಯದು ಮಗುವಿನ ನಿನ್ನೆಯ ದಿನ. ಪಟ್ಟಿ ಓದಿ ‘ಮೊಟ್ಟೆ ಕೊಟ್ಟಿರಾ, ಹಾಲು ಕೊಟ್ಟಿರಾ’ ಎಂದು ಕೇಳಿದರೆ ಹೂಂ ಹೂಂ ಎಂದೇ ಬರುತ್ತದೆ. “ಅಮ್ಮ, ನಿನ್ನೆ ಮಗು ಎದ್ದ ಮೇಲೆ ಮೊದಲು ಬಾಯಿಗೆ ಏನು ಹೋಯಿತು? ಆಮೇಲೆ?” ಎಂದು ಕೇಳುತ್ತಾ ರಾತ್ರಿ ಮಲಗುವವರೆಗೆ ಅವರೇ ನಡೆದು ಬರಲಿ ಎಂದು ಬಿಡಬೇಕು. ಮಧ್ಯೆ ಬಾಯಿ ಹಾಕಬಾರದು. ಎರಡನೇ ಸುತ್ತಿನಲ್ಲಿ ಪ್ರತಿ ಊಟದೊಳಗೆ ಏನೇನಿತ್ತು ಎಂದು ಬಿಡಿಸಬೇಕು, ಏಕೆಂದರೆ ಸಾರು ಎಂಬ ಒಂದು ಮಾತಿನೊಳಗೆ ಬೇಳೆಯೂ ಇರಬಹುದು, ಬರೀ ನೀರೂ ಇರಬಹುದು. ಮೂರನೇ ಸುತ್ತಿನಲ್ಲಿ ಬೇರೆಯವರ ಕೈಯಿಂದ ಹೋದದ್ದು: ಅಜ್ಜಿ ಕೊಟ್ಟದ್ದು, ಅಕ್ಕ ತಿನ್ನುವಾಗ ಬಾಯಿಗಿಟ್ಟದ್ದು, ಅಂಗಡಿಯ ಪೊಟ್ಟಣ. ತಾಯಿ ಹೊರಗೆ ದುಡಿಯುವವಳಾದರೆ ಈ ಸುತ್ತನ್ನು ಅಜ್ಜಿಯ ಮುಂದೆಯೇ ಕೇಳಬೇಕು.

ಆಮೇಲೆ ಗುಂಪು ಎಣಿಸುವುದು. 6ರಿಂದ 23 ತಿಂಗಳ ಮಕ್ಕಳಿಗೆ ಎಂಟು ಗುಂಪುಗಳು: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಬೀಜಗಳು, ಹಾಲು ಮತ್ತು ಹಾಲಿನಿಂದಾದದ್ದು, ಮಾಂಸ ಮತ್ತು ಮೀನು, ಮೊಟ್ಟೆ, ಎ ಜೀವಸತ್ವ ಹೆಚ್ಚಿರುವ ಹಣ್ಣು ತರಕಾರಿ, ಉಳಿದ ಹಣ್ಣು ತರಕಾರಿ. ಇವುಗಳಲ್ಲಿ ಐದಾದರೂ ನಿನ್ನೆ ಮಗುವಿನ ಹೊಟ್ಟೆಗೆ ಹೋಗಿರಬೇಕು. ಹಳೆಯ ಕೈಪಿಡಿಗಳಲ್ಲಿ ಏಳರಲ್ಲಿ ನಾಲ್ಕು ಎಂದಿರುತ್ತದೆ; ಆಗ ಎದೆಹಾಲು ಎಣಿಕೆಯಲ್ಲಿ ಇರಲಿಲ್ಲ. ಹಳೆಯ ವರ್ಷದ ಅಂಕಿಯನ್ನು ಹೊಸದರ ಪಕ್ಕದಲ್ಲಿಟ್ಟು ಸುಧಾರಣೆ ಆಗಿದೆ ಎಂದು ಹಿಗ್ಗುವ ಮೊದಲು ಎರಡನ್ನೂ ಒಂದೇ ಪದ್ಧತಿಯಲ್ಲಿ ಎಣಿಸಿದ್ದಾರೆಯೇ ಎಂದು ನೋಡುವುದು ಒಳ್ಳೆಯದು. ರುಚಿಗೆಂದು ಬಿದ್ದ ಚಿಟಿಕೆ ಸೊಪ್ಪು, ಮಸಾಲೆ ಗುಂಪಾಗಿ ಎಣಿಕೆಗೆ ಬರುವುದಿಲ್ಲ. ಎಷ್ಟು ಸಲ ಎಂಬುದೂ ಬೇಕು: ಎದೆಹಾಲು ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ದಿನಕ್ಕೆ ಎರಡು ಸಲ, 9ರಿಂದ 23ರವರೆಗೆ ಮೂರು ಸಲ, ಎದೆಹಾಲು ಬಿಟ್ಟ ಮಗುವಿಗೆ ನಾಲ್ಕು ಸಲವಾದರೂ ತಿನ್ನಿಸಬೇಕು. ಒಂದು ದಿನದ ನೆನಪು ಊರಿನ ಚಿತ್ರಕ್ಕೆ ಸಾಕು, ಒಂದು ಮಗುವಿನ ಬಗ್ಗೆ ತೀರ್ಪು ಕೊಡಲು ಸಾಲದು. ನಿನ್ನೆ ಹಬ್ಬವೋ ಮಗುವಿಗೆ ಜ್ವರವೋ ಇದ್ದರೆ ಹಾಗೆಂದು ಅಂಚಿನಲ್ಲಿ ಬರೆದಿಡುತ್ತೇವೆ.

ಬಟ್ಟಲನ್ನು ಒಮ್ಮೆ ತೋರಿಸಿ ಎಂದು ಕೇಳುವುದು ನಮ್ಮ ಅಭ್ಯಾಸ, ಪ್ರಶ್ನಾವಳಿಯಲ್ಲಿ ಅದಿಲ್ಲ. ಮಗುವಿಗೆ ಬೇರೆ ಬಟ್ಟಲೇ ಇಲ್ಲದೆ ಎಲ್ಲರ ತಟ್ಟೆಯಿಂದ ತಿನ್ನುತ್ತಿದ್ದರೆ ಅದು ಎಷ್ಟು ತಿಂದಿತು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬಟ್ಟಲಿದ್ದರೆ ಅದರೊಳಗಿನದು ಚಮಚ ಓರೆ ಮಾಡಿದಾಗ ಸುರಿಯುತ್ತದೆಯೋ, ನಿಲ್ಲುತ್ತದೆಯೋ ನೋಡಬೇಕು. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಮೈತೂಕದ ಕಿಲೋ ಒಂದಕ್ಕೆ ಸುಮಾರು 30 ಗ್ರಾಂ. 8 ಕಿಲೋದ ಮಗುವಿಗೆ 240 ಗ್ರಾಂ. ಎದೆಹಾಲು ಕುಡಿಯುವ 9ರಿಂದ 11 ತಿಂಗಳ ಮಗುವಿಗೆ ಹೊರಗಿನ ಆಹಾರದಿಂದ ದಿನಕ್ಕೆ ಸುಮಾರು 300 ಕಿಲೋಕ್ಯಾಲೊರಿ ಬೇಕು. ತೆಳು ಗಂಜಿಯ ಗ್ರಾಮಿಗೆ 0.4 ಕಿಲೋಕ್ಯಾಲೊರಿ ಎಂದಿಟ್ಟುಕೊಂಡರೆ ಹೊಟ್ಟೆ ಬಿರಿಯೆ ಕುಡಿದರೂ ಒಂದು ಸಲಕ್ಕೆ 96. ಹಾಗೆ ಮೂರು ಸಲ ಕುಡಿದರೂ ಲೆಕ್ಕ ತುಂಬುವುದಿಲ್ಲ. ಗ್ರಾಮಿಗೆ 0.8ರಷ್ಟು ಗಟ್ಟಿ ಮಾಡಿದರೆ ಎರಡು ಸಲಕ್ಕೇ ತುಂಬುತ್ತದೆ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆಂಬ ಹೆದರಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ನೀರು ಹಾಕಿ ಹಾಕಿ ತೆಳು ಮಾಡುತ್ತಾರೆ. ಚಮಚ ಎಣ್ಣೆ, ಅಂದರೆ 5 ಮಿ.ಲೀ., 40 ಕಿಲೋಕ್ಯಾಲೊರಿ ಸೇರಿಸುತ್ತದೆ, ಗಂಜಿಯನ್ನು ನುಣುಪೂ ಮಾಡುತ್ತದೆ. ಆದರೆ ಎಣ್ಣೆಯಲ್ಲಿ ಕಬ್ಬಿಣವೂ ಇಲ್ಲ ಸತುವೂ ಇಲ್ಲ; ಬೇಳೆ, ಮೊಟ್ಟೆ, ಮಾಂಸದ ಜಾಗವನ್ನು ಅದು ತುಂಬಲಾರದು.

ಇನ್ನು ಅಳತೆ. ಅದರಲ್ಲೂ ಮೊದಲು ವಯಸ್ಸು, ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಅದೇ. ‘ಎರಡು ವರ್ಷ ಆಗುತ್ತಾ ಬಂತು’ ಎಂಬ ಮಾತಿನಲ್ಲಿ 20 ತಿಂಗಳೂ ಅಡಗಿರುತ್ತದೆ, 27 ತಿಂಗಳೂ ಅಡಗಿರುತ್ತದೆ. ನಿಂತಾಗ 82 ಸೆಂ.ಮೀ. ಎತ್ತರವಿರುವ ಗಂಡು ಮಗುವನ್ನು ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡದಲ್ಲಿ 24 ತಿಂಗಳಿಗೆ ಕುಂಠಿತದ (ವಯಸ್ಸಿಗೆ ತಕ್ಕ ಎತ್ತರವಿಲ್ಲದ) ಗೆರೆ, ಅಂದರೆ ಮೈನಸ್ 2 ಝಡ್ ಸ್ಕೋರ್ (ಆ ವಯಸ್ಸಿನ ನಡುವಿನ ಅಳತೆಗಿಂತ ಎರಡು ಪ್ರಮಾಣ ವಿಚಲನೆ ಕೆಳಗೆ), 81.0 ಸೆಂ.ಮೀ.; 27 ತಿಂಗಳಿಗೆ 83.1. ಮೂರು ತಿಂಗಳು ಆಚೀಚೆಯಾದರೆ ಅದೇ ಮಗು ಗೆರೆಯ ಮೇಲಿನಿಂದ ಕೆಳಗೆ ಬಿತ್ತು, ಹಲಗೆಯ ತಪ್ಪೇನೂ ಇಲ್ಲದೆ. ಜನನದ ದಾಖಲೆ, ಲಸಿಕೆ ಕಾರ್ಡ್ ಕೇಳಬೇಕು. ಇಲ್ಲವಾದರೆ ಆ ಊರಿನ ಘಟನೆಗಳ ಕ್ಯಾಲೆಂಡರ್ ಹಿಡಿದು ಯಾವ ಕೊಯ್ಲಿಗೆ ಮೊದಲು, ಯಾವ ಮಳೆಗೆ ನಂತರ ಎಂದು ತಿಂಗಳಿಗೆ ಇಳಿಸಬೇಕು. ಸಂಜೆ ಎಲ್ಲ ಹಾಳೆ ಸೇರಿಸಿದಾಗ 12, 24, 36, 48 ತಿಂಗಳಿನಲ್ಲಿ ಮಕ್ಕಳು ಗುಡ್ಡೆಯಾಗಿದ್ದರೆ ಯಾರೋ ವರ್ಷ ಕೇಳಿ ಹನ್ನೆರಡರಿಂದ ಗುಣಿಸಿದ್ದಾರೆ ಎಂದೇ ತಿಳಿಯಬೇಕು.

ತೂಕಕ್ಕೆ ಬಟ್ಟೆ ಬಿಚ್ಚಬೇಕು. ತಾಯಿ ಮತ್ತು ಮಗುವನ್ನು ಒಟ್ಟಿಗೆ ತೂಗುವ ಯಂತ್ರವಾದರೆ ಮೊದಲು ತಾಯಿ ನಿಂತು, ಯಂತ್ರ ಸೊನ್ನೆಗೆ ಬಂದ ಮೇಲೆ ಮಗುವನ್ನು ಕೈಗೆ ಕೊಡುವುದು. ತಾಯಿ ಅಲುಗಬಾರದು, ನೆಲ ಸಮವಿರಬೇಕು. 100 ಗ್ರಾಂವರೆಗೆ ಓದಬೇಕು.

ಉದ್ದಕ್ಕೆ ಇಬ್ಬರು ಬೇಕೇ ಬೇಕು. ಎರಡು ವರ್ಷದೊಳಗಿನ ಮಗು ಮಲಗಿ, ಮೇಲಿನದು ನಿಂತು. ವಯಸ್ಸೇ ಗೊತ್ತಿಲ್ಲದಿದ್ದರೆ 87 ಸೆಂ.ಮೀ.ಗಿಂತ ಕಡಿಮೆ ಇರುವುದು ಮಲಗಿ. ಮಲಗಿದ ಅಳತೆ ನಿಂತದ್ದಕ್ಕಿಂತ 0.7 ಸೆಂ.ಮೀ. ಹೆಚ್ಚು ಎಂದು ಲೆಕ್ಕ, ಆದ್ದರಿಂದ ಪದ್ಧತಿ ಬದಲಾದರೆ ಅಷ್ಟು ಕೂಡಬೇಕು ಅಥವಾ ಕಳೆಯಬೇಕು. ಹೇಗೆ ಅಳೆದಿರಿ ಎಂದು ಬರೆಯದಿದ್ದರೆ ಯಾರೂ ಏನೂ ಮಾಡಲಾಗದು. ಒಬ್ಬರು ಕಿವಿಯ ಎರಡೂ ಬದಿ ಹಿಡಿದು ನೆತ್ತಿಯನ್ನು ಹಲಗೆಗೆ ತಾಗಿಸಬೇಕು, ಮಗುವಿನ ಕಣ್ಣು ನೇರ ಮೇಲೆ ನೋಡುತ್ತಿರಬೇಕು. ಇನ್ನೊಬ್ಬರು ಒಂದು ಕೈಯಿಂದ ಮಂಡಿ ಒತ್ತಿ, ಇನ್ನೊಂದರಿಂದ ಜಾರುಪಟ್ಟಿಯನ್ನು ಅಂಗಾಲಿಗೆ ತರಬೇಕು. ಮಂಡಿ ಮಡಚಿಕೊಂಡರೆ ಉದ್ದ ಕಡಿಮೆ, ಬೆರಳ ತುದಿಗೆ ಮಾತ್ರ ಪಟ್ಟಿ ತಾಗಿದರೆ ಉದ್ದ ಹೆಚ್ಚು, ತಲೆಯ ಮೇಲೆ ಜುಟ್ಟಿದ್ದರೆ ಇನ್ನೂ ಹೆಚ್ಚು. ಒಂದು ಸೆಂಟಿಮೀಟರ್ ತಪ್ಪಿದರೇನು ಎನ್ನುವವರಿಗೆ ಹೇಳುವುದಿಷ್ಟು: 75ರಿಂದ 80 ಸೆಂ.ಮೀ. ಎತ್ತರದ ಆಸುಪಾಸಿನಲ್ಲಿ ಒಂದು ಸೆಂ.ಮೀ.ಗೆ ಎತ್ತರಕ್ಕೆ ತಕ್ಕ ತೂಕದ ಗೆರೆ ಸುಮಾರು 200 ಗ್ರಾಂ ಸರಿಯುತ್ತದೆ. ಉದ್ದ ಹೆಚ್ಚು ಬರೆದರೆ ಕುಂಠಿತ ಮಗು ಎತ್ತರವಾಗುತ್ತದೆ, ಚೆನ್ನಾಗಿರುವ ಮಗು ಬಡಕಲಾಗುತ್ತದೆ. ಒಂದೇ ತಪ್ಪು, ಎರಡು ಕಡೆ ಸುಳ್ಳು. ಅಳೆದವರು ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು, ಬರೆಯುವವರು ಅದನ್ನೇ ತಿರುಗಿ ಹೇಳಿ ಬರೆಯಬೇಕು. ದಶಮಾಂಶದ ಕೊನೆಯಲ್ಲಿ ಬರೀ 0 ಮತ್ತು 5 ಕಾಣುತ್ತಿದ್ದರೆ ಅದು ಅಳತೆಯಲ್ಲ, ಅಂದಾಜು.

ತೋಳಿನ ಸುತ್ತಳತೆ 6ರಿಂದ 59 ತಿಂಗಳ ಮಕ್ಕಳಿಗೆ, ಎಡತೋಳಿನಲ್ಲಿ. ಮೊಣಕೈಯನ್ನು ಲಂಬಕೋನಕ್ಕೆ ಮಡಚಿ, ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಗೆ ಅಳೆದು ನಡುವೆ ಗುರುತು ಹಾಕಬೇಕು. ಆಮೇಲೆ ಕೈ ಜೋತುಬಿಟ್ಟು ಪಟ್ಟಿ ಸುತ್ತಬೇಕು. ಪಟ್ಟಿಯ ಕೆಳಗೆ ಚರ್ಮ ಸುಕ್ಕಾದರೆ ಬಿಗಿ, ಪಟ್ಟಿಗೂ ಚರ್ಮಕ್ಕೂ ನಡುವೆ ಬೆಳಕು ಕಂಡರೆ ಸಡಿಲ. 125 ಮಿ.ಮೀ.ಗಿಂತ ಕಡಿಮೆಯಾದರೆ ಮಧ್ಯಮ, 115ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ. ಎತ್ತರಕ್ಕೆ ತಕ್ಕ ತೂಕದಲ್ಲಿ ಇದಕ್ಕೆ ಸಮನಾದ ಗೆರೆಗಳು ಮೈನಸ್ 2 ಮತ್ತು ಮೈನಸ್ 3 ಝಡ್ ಸ್ಕೋರ್. ಆದರೆ ಎರಡೂ ಒಂದೇ ಮಕ್ಕಳನ್ನು ಹಿಡಿಯುವುದಿಲ್ಲ. ತೋಳಿನ ಪಟ್ಟಿ ಎಳೆಯ, ಗಿಡ್ಡ ಮಕ್ಕಳನ್ನು ಹೆಚ್ಚು ಹಿಡಿಯುತ್ತದೆ. ಒಂದರಲ್ಲಿ ಸಿಕ್ಕು ಇನ್ನೊಂದರಲ್ಲಿ ಸಿಗದ ಮಗುವನ್ನು ಸಿಕ್ಕಿದೆ ಎಂದೇ ಎಣಿಸಬೇಕು.

ಕೊನೆಯದು ಪಾದ. ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ಬಿಡುವುದು. ಎರಡರಲ್ಲೂ ಕುಳಿ ಉಳಿದರೆ ಅದು ಬಾವು, ತೂಕ ಎಷ್ಟೇ ಇರಲಿ ತೀವ್ರ ಅಪೌಷ್ಟಿಕತೆ. ನೀರು ತುಂಬಿದ ಮೈ ತೂಕದಲ್ಲಿ ಮೋಸ ಮಾಡುತ್ತದೆ, ಕೆನ್ನೆ ತುಂಬಿದ ಮಗುವನ್ನು ಮನೆಯವರೂ ‘ಈಗ ಸ್ವಲ್ಪ ಮೈಬಂದಿದೆ’ ಎನ್ನುತ್ತಾರೆ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, 1930ರ ದಶಕದಲ್ಲಿ ವಿವರಿಸಿದ ಕ್ವಾಷಿಯೋರ್ಕರ್ ಇದೇ. ಒಂದೇ ಪಾದದಲ್ಲಿ ಕುಳಿಯಾದರೆ ಗಾಯವೋ ಸೋಂಕೋ ಇರಬಹುದು, ಅದರ ದಾರಿ ಬೇರೆ.

ಈಗ ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಡುವ ಹೊತ್ತು. ಮನೆಯ ಅಂಕ 2, ಬಟ್ಟಲಲ್ಲಿ ಆರು ಗುಂಪು, ತೋಳು ಮಾತ್ರ 119. ಇಂಥ ಕಡೆ ಊಟ ಸಾಲದು ಎಂದು ಉಪದೇಶ ಶುರುಮಾಡಬಾರದು. ಕಳೆದ ಎರಡು ವಾರದಲ್ಲಿ ಭೇದಿಯಾಗಿತ್ತೇ, ಎಷ್ಟು ಸಲ, ಆಗ ಊಟ ನಿಲ್ಲಿಸಿದಿರಾ ಎಂದು ಕೇಳಬೇಕು. ಭೇದಿಯಲ್ಲಿ ಹಸಿವು ಹೋಗುತ್ತದೆ, ತಿಂದದ್ದು ಹಿಡಿಯುವುದಿಲ್ಲ, ಮೇಲಿಂದ ಮನೆಯವರು ಹೊಟ್ಟೆಗೆ ವಿಶ್ರಾಂತಿ ಎಂದು ಕೊಡುವುದನ್ನೂ ಬಿಡುತ್ತಾರೆ. ನೀರು ಎಲ್ಲಿಂದ, ಬೆಳಿಗ್ಗೆ ಮಾಡಿದ ಗಂಜಿಯನ್ನು ಸಂಜೆಗೂ ಹಾಗೇ ಕೊಡುತ್ತಾರೆಯೇ, ಮಗು ಹಗಲೆಲ್ಲ ಯಾರ ಹತ್ತಿರ ಇರುತ್ತದೆ ಎಂಬವೂ ಅಲ್ಲೇ ಬರುತ್ತವೆ. ಯುನಿಸೆಫ್ 1990ರಲ್ಲಿ ಹಾಕಿಕೊಟ್ಟ ಚೌಕಟ್ಟಿನಲ್ಲಿ ಮನೆಯ ಆಹಾರ ಭದ್ರತೆ ಮೂರು ಕಂಬಗಳಲ್ಲಿ ಒಂದು ಮಾತ್ರ. ಆರೈಕೆ, ಆರೋಗ್ಯ ಸೇವೆ ಮತ್ತು ಪರಿಸರ ಉಳಿದೆರಡು. ವಯಸ್ಸಿಗೆ ತಕ್ಕ ಎತ್ತರ ಕಡಿಮೆಯಾಗಿ ಉಳಿದೆಲ್ಲ ಸರಿಯಿದ್ದರೆ ಅದು ಹಳೆಯ ಸಾಲ. ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷದವರೆಗೆ ಕೂಡಿದ್ದು. ನಾಲ್ಕು ವಾರದ ಪ್ರಶ್ನಾವಳಿಯಲ್ಲಿ ಅದರ ಗುರುತು ಹುಡುಕುವುದು ವ್ಯರ್ಥ.

ತೋಳು 115ಕ್ಕಿಂತ ಕಡಿಮೆ ಅಥವಾ ಬಾವು ಇದ್ದರೆ ವಿವರಣೆ ಆಮೇಲೆ, ಮೊದಲು ಚಿಕಿತ್ಸೆ. ಜೋಮು ಹಿಡಿದಂತೆ ಮಲಗಿರುವ, ತಿನ್ನಲೊಲ್ಲದ, ಎಲ್ಲವನ್ನೂ ವಾಂತಿ ಮಾಡುವ, ಮೈ ತಣ್ಣಗಾದ ಮಗು ಅದೇ ದಿನ ಆಸ್ಪತ್ರೆಗೆ. ಇಂಥ ಮಗುವಿಗೆ ಕನಿಕರದಿಂದ ಒಮ್ಮೆಗೇ ಹೊಟ್ಟೆ ತುಂಬ ಉಣ್ಣಿಸುವುದು ಅಪಾಯ. ಹಸಿವಿಗೆ ಒಗ್ಗಿದ ಮೈಯಲ್ಲಿ ರಕ್ತದ ಲವಣಗಳು ಏರುಪೇರಾಗಿ ಹೃದಯ ಸೋಲಬಹುದು. ಆಸ್ಪತ್ರೆಯಲ್ಲೂ 100 ಮಿ.ಲೀ.ಗೆ 75 ಕಿಲೋಕ್ಯಾಲೊರಿ ಇರುವ ಹಾಲಿನಿಂದ, ಸ್ವಲ್ಪ ಸ್ವಲ್ಪವಾಗಿ, ರಾತ್ರಿಯೂ ಬಿಡದೆ ಶುರುಮಾಡುತ್ತಾರೆ. ಹಸಿವೆಯಿದ್ದು ಬೇರೆ ತೊಂದರೆ ಇಲ್ಲದ ಮಗುವಿಗೆ ಪೊಟ್ಟಣದಲ್ಲಿ ಬರುವ ಸಿದ್ಧ ಚಿಕಿತ್ಸಾ ಆಹಾರದಿಂದ ಮನೆಯಲ್ಲೇ ಚಿಕಿತ್ಸೆ ಸಾಧ್ಯ. ಆದರೆ ಆ ಪೊಟ್ಟಣ ಮನೆಯ ಉಳಿದ ಮಕ್ಕಳ ನಡುವೆ ಹಂಚಿಹೋಗುತ್ತದೆಯೇ ಎಂದು ಮೊದಲೇ ಯೋಚಿಸಬೇಕು. ಮನೆಯ ಅಂಕ 18 ಇದ್ದ ಕಡೆ ಹಂಚಿಹೋಗುತ್ತದೆ, ತಾಯಿಯನ್ನು ದೂರಿ ಫಲವಿಲ್ಲ. ಅಂಥಲ್ಲಿ ಮನೆಗೂ ದಿನಸಿ ಸೇರಿಸಿಕೊಡದೆ ಮಗುವಿಗೆ ಮಾತ್ರ ಕೊಟ್ಟರೆ ತೂಕ ಏರುವುದಿಲ್ಲ.

ಅಳತೆಯ ಫಲವನ್ನು ಹೇಳದೆ ಎದ್ದು ಬರುವುದಿಲ್ಲ, ನೆರೆಯವರ ಮುಂದೆ ಹೇಳುವುದೂ ಇಲ್ಲ. ಚಿಕಿತ್ಸೆಯಲ್ಲಿರುವ ಮಗುವಿನ ಮುಂದಿನ ಭೇಟಿ ಏಳು ದಿನಕ್ಕೆ, ಆದಷ್ಟು ಅದೇ ಕೈ, ಅದೇ ಯಂತ್ರ, ಅದೇ ಹೊತ್ತು. ತೋಳು 125 ಮುಟ್ಟಿ, ಬಾವಿಲ್ಲದೆ, ಎರಡು ವಾರ ಹಾಗೇ ನಿಂತ ಮೇಲಷ್ಟೇ ಚೇತರಿಕೆ ಎಂದು ಬರೆಯುವುದು. ನಡುವೆ 2 ಮಿ.ಮೀ. ಹೆಚ್ಚೋ ಕಡಿಮೆಯೋ ಕಂಡರೆ ಅದು ಮಗುವಿನದೋ ಪಟ್ಟಿಯದೋ ಹೇಳಲಾಗದು. ಗುರುತು ಅಳಿಸಿ, ಭುಜದ ಮೂಳೆಯನ್ನು ಮತ್ತೆ ಹುಡುಕಿ, ಇನ್ನೊಮ್ಮೆ ಅಳೆಯುತ್ತೇವೆ.